ಐದು ನಲವತ್ತರ ಭಕ್ಕರಿ

ಇಲ್ಲ ಸಪನಾ, ಆ ಕಾಗದದ ಮ್ಯಾಲ ನಾ ಸಹಿ ಮಾಡಂಗಿಲ್ಲ. ಪೆನ್ ಕೊಡಬ್ಯಾಡ... ತಗಿ, ತಗಿ ಅದನ್ನ ನನ್ನ ಮುಂದಿಂದ! ನನ್ನ ಮಗಳ ತೊಡಿಯಾಗಿಂದ ವಾಯರ್ ತೂರಿಸಿ ಎದಿತನಾ ಒಯ್ಯತೀರಿ, ನಾ ಇಲ್ಲಿ ಕುಂತು 'ನಂದು ಸಮ್ಮತಿ ಅದ' ಅಂತ ಗೀಚಬೇಕೇನು? ಯಾ ತಾಯಿ ಗೀಚತಾಳ? ಇಪ್ಪತ್ಮೂರು ವರ್ಷದ ಹುಡಿಗಿ! ಅಕಿಗೆ ಏನಾಗ್ಯದ? ಏನೂ ಆಗಿಲ್ಲ.

ಎಲ್ಲಿ ಕೂಗಾಡಾಕತ್ತೀನಿ?... ಆತು, ಆತು. ಸಣ್ಣಗ ಮಾತಾಡತೀನಿ. ಐಸಿಯು ಬಾಗಲಾ ಅದ, ಗೊತ್ತದ ನನಗ. ಒಳಗ ಪ್ರಣಿತಾಗ ಕೇಳಬಾರದು. ಅಕಿಗೆ ಏನು ಹೇಳೀರಿ?... ಬರೇ ಇನ್ನೊಂದು ತಪಾಸಣಿ ಅಂತ? ಛಲೊ ಮಾಡೀರಿ. ಹಂಗೇ ಇರಲಿ.

ಒಂದೀಟು ಕುಂದರು ಇಲ್ಲಿ. ನೀ ಕುಂತ್ರ ನನಗ ಧೈರ್ಯ. ಇಷ್ಟು ದೊಡ್ಡ ಸೋಲಾಪುರದಾಗ, ಇಷ್ಟು ದೊಡ್ಡ ಹಾರ್ಟಿನ ದವಾಖಾನ್ಯಾಗ, ನಮ್ಮ ತಡವಳದ ಹುಡಿಗಿ ಸಿಸ್ಟರ್ ಅಂತ ಸಿಕ್ಕಾಳ, ನನ್ನ ತವರೂರಿನ ಮಾತು ಆಡತಾಳ, ದೇವರು ಸಿಕ್ಕಂಗ ಆತು ಅಂತ ಅವತ್ತೇ ನಮ್ಮ ಮನಿಯವರಿಗೆ ಹೇಳಿದ್ದೆ. ಎಲ್ಲಿ ಹೋದ್ರು ಅವರು?... ಕೆಳಗ, ಮೆಡಿಕಲ್ ದುಕಾನಕ್ಕ. ಹೂಂ. ಅವರು ಬಂದ್ರ ಸಹಿ ಮಾಡೇಬಿಡತಾರ. ಡಾಕ್ಟರ್ ಅಂದ್ರ ಅವರಿಗೆ ಕೈ ಕಾಲು ತಣ್ಣಗಾಗತಾವ. ಅದಕ್ಕೇ ಹೇಳಾಕತ್ತೀನಿ, ಅವರು ಮ್ಯಾಲ ಬರೋದ್ರೊಳಗ ನೀ ಹೋಗಿ ಡಾಕ್ಟರಿಗೆ ಹೇಳು. ಇನ್ನೊಂದು ಸಲ ಆ ಹೋಲ್ಟರ್ ಹಚ್ಚರಿ ಅನ್ನು. ಆ ಇಪ್ಪತ್ನಾಕು ತಾಸು ಎದಿ ಬಡತ ಬರಕೊಳ್ಳೋ ಡಬ್ಬಿ. ಇನ್ನೊಂದು ಸಲ ಹಚ್ಚಿ ನೋಡ್ರಿ, ಆಮ್ಯಾಲ ನಿಮಗ ಬೇಕಾದ್ದು ಮಾಡ್ರಿ.

ಯಾಕಂದ್ರ... ಯಾಕಂದ್ರ ಮಷೀನ್ ಕೆಟ್ಟಿರಬೇಕು! ಮನುಷ್ಯಾರು ಕೆಡತಾರ, ಮಷೀನ್ ಕೆಡಂಗಿಲ್ಲೇನು?

ಹೇಳು, ಇನ್ನೊಮ್ಮೆ ಹೇಳು ರಿಪೋರ್ಟಿನಾಗ ಏನು ಬಂದದ ಅಂತ... ಐದು ಸೆಕೆಂಡ್. ಐದು ಸೆಕೆಂಡ್ ಎದಿ ಬಡದೇ ಇಲ್ಲ. ಅದೂ ಒಮ್ಮೆ ಅಲ್ಲ, ಎರಡು ಸಲ. ಅವ್ವಾ ನನ್ನವ್ವ! ಅಷ್ಟೊತ್ತು ಎದಿ ನಿಂತದ್ದು ಆಮ್ಯಾಲ ಎದ್ದು ಚಹಾ ಕುಡೀತದೇನು? ಕುಡೀತದ? ಹಂಗೂ ಆಗತದ?... ಮುಂದಿನ ಸಲ ಹತ್ತು ಸೆಕೆಂಡ್ ನಿಂತ್ರೂ ನಿಂತೀತು, ಹೊಳ್ಳಿ ಹತ್ತದೇ ಇದ್ದರೂ ಇದ್ದೀತು, ಅದಕ್ಕ ವಾಯರ್ ಹಾಕಿ ಕರೆಂಟ್‌ಲೆ ಬಡಸಬೇಕು. ಹೂಂ. ಡಾಕ್ಟರ್ ಹೇಳಿದ್ದು ತಿಳೀತು ನನಗ. ನಾಕನೇತ್ತ ಕಲತಾಕಿ ಖರೆ, ಕಿವುಡಿ ಅಲ್ಲ.

ಆದ್ರ ನೀನೇ ಹೇಳು, ಇಲ್ಲಿತನಾ ಎಷ್ಟು ತಪಾಸಣಿ ಮಾಡೀರಿ ಅಕಿಗೆ! ಹೋದ ವರ್ಷ ಮೊದಲನೇ ಸಲ ಬಿದ್ಳು. ನವಿ ಪೇಠದಾಗ, ನಮ್ಮ ಕಪಡಾ ದುಕಾನದಾಗ, ಗಿರಾಕಿಗೆ ಸೀರಿ ಬಿಚ್ಚಿ ತೋರಸಾಕತ್ತಿದ್ಳು, ನಿಂತಲ್ಲೇ ಗಾದಿ ಮ್ಯಾಲ ಕುಸದು ಬಿದ್ಳು. ಎರಡು ನಿಮಿಷಕ್ಕ ಎದ್ಳು. ಉಪಾಸ ಇದ್ಳು, ಚಕ್ಕರ್ ಬಂತು ಅಂದೆ ನಾ. ದುಕಾನದಾಗ ನಾಕು ಮಂದಿ ಹೆಣ್ಣಮಕ್ಕಳು ಕುಂತಿದ್ರು ನೋಡು, ಅವರ ಬಾಯಿ ಯಾರು ಕಟ್ಟಬೇಕು? ಆಗ ಅಕಿ ಲಗ್ನಕ್ಕ ಒಂದು ಸ್ಥಳ ನಕ್ಕಿ ಆಗೂಹಂಗ ಇತ್ತು. ಎಂಟು ದಿನದಾಗ ಹುಡುಗನ ಕಡಿಯವರು ಹೇಳಿ ಕಳಿಸಿದ್ರು, 'ಹುಡಿಗಿಗೆ ಫಿಟ್ಸ್ ಬರತಾವಂತ, ಬ್ಯಾಡ್ರಿ' ಅಂತ. ಫಿಟ್ಸ್! ನಮ್ಮ ಪ್ರಣಿತಾಗ! ಆ ಹುಡಿಗಿ ಅವತ್ತು ಅಳಲಿಲ್ಲ ಸಪನಾ. ಬಾಗಲಾ ಹಾಕೊಂಡು ಸುಮ್ಮನ ಕುಂತ್ಳು. ಅತ್ತಿದ್ರ ಛಲೊ ಇತ್ತು.

ಆಮ್ಯಾಲ ಹೋದ ತಿಂಗಳು ಬಚ್ಚಲದಾಗ ಬಿದ್ಳು, ಹುಬ್ಬು ಒಡಕೊಂಡ್ಳು. ಅವತ್ತು ಇವರು ಹಟಾ ಹಿಡಿದು ಇಲ್ಲಿಗೆ ಕರಕೊಂಡು ಬಂದ್ರು. ಇಸಿಜಿ ತಗದ್ರಿ, ಬರೋಬ್ಬರಿ ಅದ ಅಂದ್ರಿ. ಎದಿಗೆ ತಂಪನ್ನ ಜೆಲ್ ಹಚ್ಚಿ ಎಕೋ ಮಾಡಿದ್ರಿ, ಟೀವಿಯಾಗ ಎದಿ ಕುಣಿಯೋದು ನನಗೂ ತೋರಿಸಿದ್ರಿ. ಬರೋಬ್ಬರಿ. ಆ ಓಡೋ ಪಟ್ಟಿ ಮ್ಯಾಲ ನಿಂದ್ರಿಸಿ ಓಡಿಸಿದ್ರಿ, ಹರಣಿಯಂಗ ಓಡಿದ್ಳು. ಬರೋಬ್ಬರಿ! ಎಲ್ಲಾ ಬರೋಬ್ಬರಿ ಇದ್ದಾಕಿಗೆ ಒಮ್ಮೆಗೇ ಆ ಡಬ್ಬಿ ಹಚ್ಚಿದ ಕೂಡಲೆ ಎದಿ ನಿಲ್ಲತದೇನು?

ಏನು? ಈಗೂ ಬರೋಬ್ಬರಿ ಅದ?... ಮೂರು ತಾಸಿನಿಂದ ಮಾನಿಟರ್ ಮ್ಯಾಲ ಅದಾಳ, ಒಂದೂ ಬಡತ ತಪ್ಪಿಲ್ಲ? ನೋಡು! ನೋಡು ಮತ್ತ! ಬಂಗಾರದಂಥ ಮಾತು ಹೇಳಿದಿ. ಇದನ್ನೇ ಹೋಗಿ ಡಾಕ್ಟರಿಗೆ ಹೇಳು.

ಅವರಿಗೂ ಗೊತ್ತದ? ಮತ್ತ?... ಇವು ಬಂದು ಹೋಗೋವು, ಈಗ ಇಲ್ಲ ಅಂದ್ರ ಇಲ್ಲ ಅಂತಲ್ಲ... ಅದಕ್ಕೇ ಡಬ್ಬಿ ಹಚ್ಚೋದು. ಹೂಂ.

ಇದ್ಯಾಕ ತಂದಿ? ಈ ಚೀಟಿ ಯಾಕ?... ಡೈರಿ. ನೀನೇ ಕೊಟ್ಟಿದ್ದಿ ಅಲ್ಲ, ಯಾ ವ್ಯಾಳ್ಯಾಕ್ಕ ಏನು ಮಾಡಿದ್ದಿ, ಏನು ತ್ರಾಸ ಆತು, ಎಲ್ಲಾ ಬರಿ ಅಂತ. ಬರದೀವಿ. ಹೌದು, ಕನ್ನಡದಾಗ ಅದ. ಅಕ್ಷರ ನಂದೇ. ಪ್ರಣಿತಾ ಮರಾಠಿ ಸಾಲಿ ಕಲತಾಳ, ಅಕಿಗೆ ಕನ್ನಡ ಬರಿಯಾಕ ಎಲ್ಲಿ ಬರತದ? ಅಕಿ ಹೇಳಿದ್ಳು, ನಾ ಬರದೆ. ಅಷ್ಟೇ. ಡಾಕ್ಟರಿಗೆ ಓದಾಕ ಬರಲಿಲ್ಲೇನು? ಪಾಪ, ಪುಣೆಕಡಿಯವರು. ನೀ ಓದಿ ಹೇಳಿದಿ? ಏನೇನು ಓದಿದಿ?

ಯಾಕ ನಗ್ತೀ? ನಗೂವಂಥಾದ್ದು ಏನದ ಅದ್ರಾಗ?

'ಜಿನಾದ ಮೆಟ್ಟಲಾ ಹತ್ತುವಾಗ ಮೊಣಕಾಲು ನೋವು...' ಬರದೀನೇನು ಹಂಗ? ಮತ್ತೇನಾತು? ಇಪ್ಪತ್ಮೂರು ವರ್ಷದವರಿಗೆ ಮೊಣಕಾಲು ಇರಂಗಿಲ್ಲೇನು! ಈಗಿನ ಹುಡಿಗ್ಯಾರು, ಉಂಡದ್ದು ಮೈಗೆ ಹತ್ತಂಗಿಲ್ಲ... ನಗಬ್ಯಾಡ ಸಪನಾ. ನನಗ ಇಲ್ಲಿ ಜೀವ ಹೋಗಾಕತ್ತದ.

ಈಗ ನಗೂದು ಬಿಟ್ಟಿ. ಇದೂ ಬ್ಯಾಡ. ಹಂಗ ಸುಮ್ಮನ ಬಟ್ಟ ಇಟ್ಟು ತೋರಸಬ್ಯಾಡ. ಏನದ ಅಲ್ಲಿ? ಕಣ್ಣಿನ ಚಾಳೀಸು ಮನ್ಯಾಗ ಬಿಟ್ಟೀನಿ, ನೀನೇ ಓದು... 'ಮುಂಜಾನಿ ಐದು ನಲವತ್ತು. ಭಕ್ಕರಿ ಬಡಿಯಾಕ ಕುಂತಾಗ ಕಣ್ಣಿಗೆ ಕತ್ತಲಿ ಬಂತು. ಹಂಚು ಕಾಣಲಿಲ್ಲ.'

ಹೂಂ. ಅದು... ಅಕಿ ಎದ್ದಿದ್ಳು ಅವತ್ತು. ಅಕಿಗೂ ಭಕ್ಕರಿ ಬರತದ. ನಾಳಿ ಲಗ್ನ ಆಗೋ ಹುಡಿಗಿ, ಕಲೀಬೇಕಲ್ಲ, ಅದಕ್ಕ ನಾನೇ ಎಬ್ಬಿಸಿ ಕುಂದರಿಸಿದ್ದೆ... ಏನು? ಪ್ರಣಿತಾ ಏನು ಹೇಳಿದ್ಳು ನಿನಗ?... ಎಂಟರ ಮಟಾ ಏಳಂಗಿಲ್ಲ ಅಂತ ಹೇಳಿದ್ಳು? ಮತ್ತೇನು ಹೇಳಿದ್ಳು? ಮತ್ತೇನೂ ಹೇಳಿಲ್ಲಲ್ಲ?... ಖರೆ? 'ಅಮ್ಮಾನ್ನ ಕೇಳ್ರಿ' ಅಂದ್ಳು. ಹೂಂ. ಅಕಿ ಹೇಳಂಗಿಲ್ಲ. ಅಕಿಗೆ ನನ್ನ ಆಣಿ ಅದ.

ಏನಿಲ್ಲ. ಯಾ ಆಣಿ? ನಾ ಯಾವಾಗ ಅಂದೆ ಆಣಿ ಅಂತ?

ಎಲ್ಲಿಗೆ ಎದ್ದಿ? ಸಪನಾ! ಯಾರು ಬಂದ್ರು? ವಾರ್ಡ್‌ಬಾಯ್ ಯಾಕ ಸ್ಟ್ರೆಚರ್ ತಂದಾನ?... ಡಾಕ್ಟರ್ ಕೈ ತೊಳಕೊಂಡು ನಿಂತಾರ? ಇವರು ಕೆಳಗೇ ಇನ್ನೊಂದು ಕಾಗದದ ಮ್ಯಾಲ ಸಹಿ ಮಾಡಿ ಕೊಟ್ರು? ಅಯ್ಯ ನನ್ನ ಶಿವನ! ನಿಲ್ಲು. ನಿಲ್ಲು ನೀ! ಒಳಗ ಹೋಗಬ್ಯಾಡ. ಅಕಿಗೆ ಕೈ ಹಚ್ಚಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳತೀನಿ, ಅದು ಅಕಿ ಎದಿ ಅಲ್ಲ!

ಅಕಿದಲ್ಲ ಅಂದೆ. ಆ ರಿಪೋರ್ಟ್ ಅಕಿದಲ್ಲ.

ಬಾಗಲಾ ಹಾಕು. ಅವನಿಗೆ ಐದು ನಿಮಿಷ ತಡಿ ಅನ್ನು. ಹೇಳತೀನಿ. ಎಲ್ಲಾ ಹೇಳತೀನಿ.

ಸೋಮವಾರ ಹತ್ತಕ್ಕ ನೀನೇ ಹಚ್ಚಿದಿ ಅಕಿಗೆ. ಎದಿ ಮ್ಯಾಲ ಅಲ್ಲಲ್ಲಿ ಆ ದುಂಡನ್ನ ಪಟ್ಟಿ ಅಂಟಿಸಿ, ಬಣ್ಣಬಣ್ಣದ ವಾಯರ್ ಸಿಗಿಸಿ, ಕೊರಳಾಗ ಡಬ್ಬಿ ಹಾಕಿ, 'ಜಳಕ ಮಾಡಬ್ಯಾಡ, ತಗೀಬ್ಯಾಡ' ಅಂದಿ. ಹತ್ತು ದಿನ ಪಾಳಿ ಕಾದು ಸಿಕ್ಕ ಮಷೀನ್ ಅದು. ರಿಕ್ಷಾದಾಗ ಮನಿಗೆ ಹೊಂಟೀವಿ, ಇವರ ಫೋನ್ ಬಂತು. ಅಕ್ಕಲಕೋಟದವರು ಬರಾಕತ್ತಾರ. ಇವತ್ತೇ, ನಾಕು ಗಂಟೆಕ್ಕ! ನಿಲೇಶ ಅಂತ ಹುಡುಗ, ಕಿರಾಣಿ ಹೋಲ್‌ಸೇಲ್ ವ್ಯಾಪಾರ, ಒಬ್ಬನೇ ಮಗ. ಫೋಟೋ ನೋಡಿ ಮೊದಲೇ ಒಪ್ಪಿದ್ರು. ಮರುದಿನದಿಂದ ದಿವಸ ಛಲೊ ಇಲ್ಲಂತ, ಅದಕ್ಕ ಇವತ್ತೇ ಹೆಣ್ಣು ನೋಡಿ, ಮನಸ್ಸಿಗೆ ಬಂದ್ರ ಅಲ್ಲೇ ಸಕ್ಕರಿ ಪುಡಾ ಕೊಟ್ಟು ಮಾತು ಮುಗಿಸತೀವಿ ಅಂದ್ರು. ಬ್ಯಾಡ ಅನ್ನಲೇನು? ಒಂದು ಸ್ಥಳ ಮುರದದ ಮೊದಲೇ. 'ಇವತ್ತು ಬರಬ್ಯಾಡ್ರಿ, ನಮ್ಮ ಹುಡಿಗಿ ಎದಿಗೆ ಡಬ್ಬಿ ಕಟ್ಟ್ಯಾರ' ಅನ್ನಲೇನು?

ನಮ್ಮ ಪದ್ಧತಿ ನಿನಗ ಗೊತ್ತಿಲ್ಲೇನು? ಹುಡುಗನ ಕಡಿ ಹೆಣ್ಣಮಕ್ಕಳು ಬಂದ್ರಂದ್ರ ಸುಮ್ಮನ ಕುಂತು ಹೋಗತಾರೇನು? ಸೀರಿ ಉಡಿಸಿ ಕುಂದರಿಸಬೇಕು. ಕುಂಕುಮ ಹಚ್ಚತಾರ, ಉಡಿ ತುಂಬತಾರ, ಸೆರಗು ಸರಿ ಮಾಡತಾರ, ಮಾಲಿ ಮುಡಿಸೋ ನೆವದಾಗ ಬೆನ್ನು ಮುಟ್ಟಿ ನೋಡತಾರ. ಹುಡುಗನ ಸೋದರತ್ತಿ ಒಬ್ಬಾಕಿ ಗಂಗುಬಾಯಿ ಅಂತ, ಕಣ್ಣು ಹದ್ದಿನಂಥಾವು. ಕೊರಳ ಕೆಳಗೇ ಎರಡು ಪಟ್ಟಿ ಕಾಣತಿದ್ವು, ಯಾ ಸೆರಗಿನಾಗ ಮುಚ್ಚಲಿ?

ಖೋಲಿ ಬಾಗಲಾ ಹಾಕಿದೆ. ಪ್ರಣಿತಾ 'ಅಮ್ಮಾ, ಖರೆ ಹೇಳೋಣ, ಆಗೂದಿದ್ರ ಆಗಲಿ' ಅಂದ್ಳು. 'ನಿನ್ನ ಬಾಯಿ ಮುಚ್ಚು' ಅಂದೆ. ಡಬ್ಬಿ ಸುಮ್ಮನ ತಗದಿಟ್ರ ಮಷೀನಿಗೆ ಗೊತ್ತಾಗತದ, ಖಾಲಿ ಬಂದ್ರ ನೀವು ಬೈತೀರಿ, ಮತ್ತ ಹತ್ತು ದಿನ ಪಾಳಿ... ಅದಕ್ಕ ನಾ ಹಾಕೊಂಡೆ. ಅಕಿ ಮೊಬೈಲ್‌ನಾಗ ತನ್ನ ಎದಿ ಫೋಟೋ ತಗದ್ಳು, ಯಾ ವಾಯರ್ ಎಲ್ಲಿ ಅಂತ. ನೀ ಜಾಸ್ತಿ ಪಟ್ಟಿ ಕೊಟ್ಟಿದ್ದಿ ನೋಡು, ಕಿತ್ತು ಬಂದ್ರ ಇರಲಿ ಅಂತ, ಅವನ್ನೇ ಫೋಟೋ ನೋಡಿ ನೋಡಿ ನನಗ ಅಂಟಿಸಿದ್ಳು. ಅಳಕೋತ ಅಂಟಿಸಿದ್ಳು. ತಾಯಿ ಮಗಳು ಒಂದೇ ರಕ್ತ, ಎದಿ ಏನು ಬ್ಯಾರೆ ಬಡೀತದೇನು ಅಂದೆ ನಾ. ಪಾವಣ್ಯಾರು ಹೋದ ಕೂಡಲೆ ಹೊಳ್ಳಿ ಅಕಿಗೆ ಹಚ್ಚಬೇಕಂತ ಇದ್ದೆ. ದೇವರಾಣೆಗೂ ಇದ್ದೆ. ಅವರು ಊಟ ಮಾಡಿ ಹೋದ ಮ್ಯಾಲ ನೋಡಿದ್ರ ಹೊಸಾ ಪಟ್ಟಿ ಉಳದಿರಲಿಲ್ಲ, ನನ್ನ ಮೈ ಮ್ಯಾಲಿದ್ದ ಪಟ್ಟಿ ಬೆವತು ಮತ್ತ ಅಂಟಲಿಲ್ಲ. ಇರಲಿ ಬಿಡು ಅಂದೆ. ಮರುದಿನ 'ಹುಡಿಗಿ ಕ್ಲಾಸಿಗೆ ಹೋಗ್ಯಾಳ' ಅಂತ ಸುಳ್ಳು ಹೇಳಿ ನಾನೇ ತಂದು ಡಬ್ಬಿ ನಿನ್ನ ಕೈಯಾಗ ಕೊಟ್ಟೆ.

ಸಕ್ಕರಿ ಪುಡಾ ಕೊಟ್ಟು ಬೀಗತಿ ಹೋಗುವಾಗ ನನ್ನ ಅಪ್ಪಿಕೊಂಡ್ರು, ಕೈಗೆ ಡಬ್ಬಿ ಹತ್ತಿತು. 'ಇದೇನ್ರಿ ಸುಗಲಾಬಾಯಿ?' ಅಂದ್ರು. 'ಮೊಬೈಲ್ ರೀ, ಎಲ್ಲೆರ ಇಟ್ರ ಮರೀತೀನಿ' ಅಂದೆ. ನಕ್ಕರು. ನಾನೂ ನಕ್ಕೆ.

ಡೈರಿ?... ಹೌದು, ಡೈರಿ ಖರೆ ಬರದೆ. ನೀನೇ ಅಂದಿದ್ದಿ ಅಲ್ಲ, ಡೈರಿಯಾಗ ಒಂದು ಮಷೀನಿನಾಗ ಒಂದು ಬಂದ್ರ ಎಲ್ಲಾ ಕೆಡತದ ಅಂತ. ಅದಕ್ಕ ನಂದು ಏನೇನಾತೋ ಅದೇ ಬರದೆ. ಭಕ್ಕರಿ, ಮೊಣಕಾಲು, ಎಲ್ಲಾ.

ಬೈಯಿ ನನಗ. ಎರಡು ಕಪಾಳಕ್ಕ ಹೊಡಿ ಬೇಕಾರ. ಆದ್ರ ಈಗ ತಿಳೀತಲ್ಲ? ಅಕಿಗೆ ಏನೂ ಇಲ್ಲ! ಐದು ಸೆಕೆಂಡ್ ನಿಂತದ್ದು ಅಕಿ ಎದಿ ಅಲ್ಲ! ಅಬಾ... ಹೇಳಿಬಿಟ್ಟೆ ನೋಡು, ಮೈ ಹಗರಾತು. ಹೋಗು, ವಾಯರ್ ಬ್ಯಾಡ ಅನ್ನು. ನಾ ಬೇಕಾರ ಡಾಕ್ಟರ್ ಕಾಲು ಹಿಡಕೊಂಡು ಮಾಫಿ ಕೇಳತೀನಿ. ಇವತ್ತು ಸಂಜಿಗೆ ಅಕಿನ್ನ ಮನಿಗೆ ಒಯ್ಯತೀನಿ. ನಗು ಸಪನಾ! ಮೊದಲು ನಕ್ಕಂಗ ನಗು. ಲಗ್ನಕ್ಕ ನೀ ಬರಲೇಬೇಕು.

ಯಾಕ ಹೊಳ್ಳಿ ಬಂದು ಕುಂತಿ?

ನನ್ನ ಕೈ ಯಾಕ ಹಿಡದಿ? ನಾಡಿ ನೋಡಬ್ಯಾಡ. ನಂದು ಬಿಡು... ನಂದು ಎಲ್ಲಿ ಮಾತು ಬಂತು ಈಗ? ನಲವತ್ತೆಂಟು ವರ್ಷದ ಮುದಿ ಎದಿ, ಒಂದೀಟು ನಿಲ್ಲತದ, ಒಂದೀಟು ನಡೀತದ. ಗಡಬಡ್ಯಾಗ ಅಕಿ ವಾಯರ್ ಉಲ್ಟಾ ಸಿಗಿಸಿರಬೇಕು... ಇಲ್ಲ? ಉಲ್ಟಾ ಸಿಗಿಸಿದ್ರ ಹಂಗ ಬರಂಗಿಲ್ಲ?

ಎಷ್ಟು ಬಡೀತು? ಗಡಿಯಾರ ನೋಡಿ ಎಣಿಸಿದಿಯಲ್ಲ, ಎಷ್ಟು?... ನಿಮಿಷದಾಗ ನಲವತ್ತಕ್ಕ ಎರಡು ಕಡಿಮಿ. ಮೂವತ್ತೆಂಟು ಎಲ್ಲಿಂದ ಬರತದ? ಹೊಳ್ಳಿ ಎಣಿಸು.

ಕೈ ಬಿಡು ಸಪನಾ. ಏನು ಬೇಕು ನಿನಗ? ಮೊದಲ ದಿನ ನೀ ಫಾರ್ಮ್ ತುಂಬುವಾಗ ಕೇಳಿದ್ದು ಬೇಕೇನು? 'ಮನ್ಯಾಗ ಯಾರಿಗರ ಹಿಂಗ ಆಗ್ಯದೇನ್ರಿ? ಯಾರರ ಅಚಾನಕ ಸತ್ತಾರೇನ್ರಿ?' ಇಲ್ಲ ಅಂದಿದ್ದೆ. ಈಗೂ ಇಲ್ಲ ಅಂತೀನಿ. ನಮ್ಮವ್ವ ಹಾವು ಕಡದು ಸತ್ತಾಳ. ನಲವತ್ತೊಂದು ವಯಸ್ಸಿಗೆ, ತಡವಳದ ಹೊಲದಾಗ. ಊರಿಗೆಲ್ಲಾ ಗೊತ್ತದ ಅದು. ಕೇಳು ಬೇಕಾರ ನಿಮ್ಮ ಮನ್ಯಾಗ! ನಿಮ್ಮಜ್ಜಿ ಸಾತವ್ವಾಯಿ ಅಲ್ಲೇ ಇದ್ಳು, ನಮ್ಮವ್ವನ ಬಾಜೂಕ, ಒಂದೇ ಸಾಲಿನಾಗ ಕಸಾ ತಗಿಯಾಕತ್ತಿದ್ಳು...

ಯಾಕ ಕಣ್ಣು ಕೆಳಗ ಹಾಕಿದಿ?

ಸಪನಾ. ಸಾತವ್ವಾಯಿ ನಿನಗ ಏನರ ಹೇಳಿದ್ಳೇನು?

ಊರಾಗ ಎಲ್ಲಾರ ಮುಂದ ಹಾವು ಅಂತಾನೇ ಅಂದ್ಳು ಅಕಿ. ಸಾಯೋತನಾ ಅಂದ್ಳು. ನಿಮ್ಮ ಮನ್ಯಾಗೂ ಹಂಗೇ... ಹಂಗಲ್ಲೇನು? ಮನ್ಯಾಗ ಖರೆ ಹೇಳಿದ್ಳು?... ಹೇಳ್ಯಾಳ. ಹೂಂ. ಹೇಳ್ಯಾಳ. ನೀ ಮೊದಲ ದಿನದಿಂದ ತಿಳದೂ ಸುಮ್ಮನಿದ್ದಿ. ನಾ ಇಲ್ಲ ಅಂದಾಗ ಪೆನ್ ಹಿಡಕೊಂಡು ಒಂದೀಟು ನಿಂತಿ, ಆಮ್ಯಾಲ 'ಇಲ್ಲ' ಅಂತ ಬರದಿ.

ಹಾವು ಇರಲಿಲ್ಲ. ಮಾತಾಡಕೋತ ಬಗ್ಗಿದ್ಳಂತ, ಬಗ್ಗಿದಾಕಿ ಏಳಲಿಲ್ಲ. ಮೈ ಮ್ಯಾಲ ಒಂದು ಗಾಯ ಇಲ್ಲ. ಅದಕ್ಕ ಮೊದಲೂ ಎರಡು ಸಲ ಬಿದ್ದಿದ್ಳು, ಮನ್ಯಾಗ ಮುಚ್ಚಿಟ್ಟಿದ್ರು. ನಾವು ಮೂರು ಮಂದಿ ಅಕ್ಕತಂಗ್ಯಾರು, ಒಬ್ಬರದೂ ಲಗ್ನ ಆಗಿರಲಿಲ್ಲ. ನಮ್ಮಪ್ಪ ಅಲ್ಲೇ ಬದುವಿನ ಮ್ಯಾಲ ನಿಮ್ಮಜ್ಜಿಗೆ ಕೈ ಮುಗದ. 'ಸಾತವ್ವಾ, ಹಾವು ಅಂತ ಹೇಳು. ಹಿಂಗ ಕುಂತಲ್ಲೇ ಜೀವ ಹೋಗೋ ಮನಿ ಅಂತ ಗೊತ್ತಾದ್ರ ಇವನ್ನ ಯಾರೂ ಮಾಡಿಕೊಳ್ಳಂಗಿಲ್ಲ.' ಎಂದೂ ನಿಮ್ಮ ಕೇರಿಯವರಿಗೆ ಕೈ ಮುಗಿದಾವಲ್ಲ ನಮ್ಮಪ್ಪ. ಅಕಿ ಹೂಂ ಅಂದ್ಳು. ಮೂರು ಲಗ್ನ ಆದ್ವು.

ಎಲ್ಲಾ ಹೇಳಿದೆ. ಇನ್ನೇನು ಉಳದದ?

ನಾ ಎಷ್ಟು ಸಲ ಬಿದ್ದೀನಿ ಅಂತ ಕೇಳಾಕತ್ತಿ? ಮೂರು ಸಲ. ಇಲ್ಲ, ಐದು ಸಲ. ಒಮ್ಮೆ ದೇವರ ಮನ್ಯಾಗ, ಒಮ್ಮೆ ಹೋಟಗಿ ಸ್ಟೇಷನ್ನಿನಾಗ, ಉಳದದ್ದು ಒಲಿ ಮುಂದ. ಮುಂಗೈ ಮ್ಯಾಲ ಈ ಸುಟ್ಟ ಕಲಿ ಅದ ನೋಡು, ಎಣ್ಣಿ ಸಿಡೀತು ಅಂತ ಹೇಳೀನಿ ಇವರಿಗೆ. ಇದು ಸುರು ಆಗಿ ಏಳು ವರ್ಷ ಆತು. ಒಬ್ಬರಿಗೂ ಹೇಳಿಲ್ಲ. ನನಗೇ ನಾ ಹೇಳಕೊಂಡಿಲ್ಲ. ಮಗಳು ದುಕಾನದಾಗ ಬಿದ್ದ ದಿನ ನನಗ ಗೊತ್ತಾಗಿತ್ತು, ಇದು ಯಾವುದು ಅಂತ. ಆಗೂ ಉಪಾಸ ಅಂದೆ.

ಆದ್ರ ಅಕಿ ಬರೇ ಬಿದ್ದಾಳ ಸಪನಾ. ಬೀಳೋರೆಲ್ಲಾ ನಮ್ಮವ್ವನಂಗ ಇರತಾರೇನು? ಮೂರು ತಾಸಿನಿಂದ ಬರೋಬ್ಬರಿ ಅದ ಅಂತ ನೀನೇ ಅಂದಿ. ಇದು ನನ್ನಿಂದ ಅಕಿಗೆ ಬಂದಿಲ್ಲಲ್ಲ?

ಇಲ್ಲ ಅನ್ನು.

ನಿಮ್ಮಜ್ಜಿ ನಮ್ಮ ಸಲುವಾಗಿ ಮೂವತ್ತು ವರ್ಷ ಒಂದು ಸುಳ್ಳು ಹೊತ್ತು ತಿರುಗಿದ್ಳು. ನೀನೂ ಒಂದು ಹೇಳು. ಒಂದೇ ಒಂದು. 'ಇಲ್ರಿ, ಅಕಿಗೆ ಬಂದಿಲ್ಲ' ಅಂತ, ಅಷ್ಟೇ...

ಹೇಳಂಗಿಲ್ಲ ನೀ.

ಆತು. ಆ ಫಾರ್ಮ್ ತಗೊಂಡು ಬಾ, ಆ 'ಇಲ್ಲ' ಹೊಡದು ಹಾಕು. ಅಕಿಗೆ ಮಷೀನ್ ಹಚ್ಚರಿ, ಈ ಸಲ ನಾ ತಗಿಯಂಗಿಲ್ಲ. ಅಕ್ಕಲಕೋಟಕ್ಕ ಏನು ಹೇಳಬೇಕೋ ಇವರು ಬಂದ ಮ್ಯಾಲ ನಾನೇ ಹೇಳತೀನಿ... ಹೂಂ, ಒಳಗ ನಡಕೋತ ಬರತೀನಿ, ಗಾಲಿ ಕುರ್ಚಿ ಬ್ಯಾಡ. ಬಿಡು, ಕುಂದರತೀನಿ. ಒಂದು ಮಾತು ಕೇಳಲೇನು? ಅಕಿ ಬಾಜೂಕ ಪಲಂಗ ಖಾಲಿ ಅದೇನು?